ನಿಂಬೆಹಣ್ಣಿನ ಮುಂದೆ ನಿಂತ ಕಾರು

ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಕೊಡುವ ಮೊದಲ ಸಲಹೆ ಇದು: ನಾಚಿಕೆಯನ್ನು ಮನೆಯಲ್ಲಿ ಬಿಟ್ಟು ಬನ್ನಿ. ಕೇಳಲು ನಾಚಿದವನಿಗೆ ಯಾರೂ ಕಡಿಮೆ ಮಾಡಿ ಕೊಡುವುದಿಲ್ಲ. ಈ ಒಂದು ಮಾತು ಹಿಡಿದುಕೊಂಡೇ ನಾನು ಗ್ಯಾಸ್ ಸ್ಟೇಷನ್ನಿನ ಗಾಜಿನ ಗೂಡಿನಿಂದ ಹೊರಟು, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಸ್ವಂತದ್ದೊಂದು ಹಳೇ ಕಾರುಗಳ ಲಾಟ್ ಇಡುವವರೆಗೆ ಬಂದವನು. ಈ ಮಾತು ತಪ್ಪೆಂದು ಯಾರೂ ನನ್ನ ಜೊತೆ ವಾದಿಸಿ ಗೆದ್ದಿಲ್ಲ. ಆದರೆ ಒಬ್ಬ ಹೆಂಗಸಿನ ಪಕ್ಕದಲ್ಲಿ ನಿಂತಾಗ ಮಾತ್ರ ಅದು ನನ್ನ ಗಂಟಲಲ್ಲೇ ಒಣಗುತ್ತಿತ್ತು. ಅವರು ಈ ಬೇಸಿಗೆಯಲ್ಲಿ ಶಿಕಾಗೋದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು.

ಮೈಸೂರಿನವರು. ನಮ್ಮ ಕನ್ನಡ ಕೂಟದ ಮಕ್ಕಳು ಅವರನ್ನು ‘ಗೇರ್‌ಬಾಕ್ಸ್ ಆಂಟಿ’ ಎಂದೇ ಕರೆಯುತ್ತಿದ್ದವು. ಲಿವೋನಿಯಾದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಆ ಕಂಪನಿ ಈಗ ಇಲ್ಲ. ಅದರ ಜಾಗದಲ್ಲಿ ಮಕ್ಕಳು ಟ್ರ್ಯಾಂಪೊಲಿನ್ ಮೇಲೆ ಕುಣಿಯುತ್ತವೆ. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ.

ಮೊದಲು ಅವರನ್ನು ಸರಿಯಾಗಿ ನೋಡಿದ್ದು ಇಂಡಿಯನ್ ಗ್ರೋಸರಿಯ ಪಾರ್ಕಿಂಗ್ ಲಾಟಿನಲ್ಲಿ. ಸೀರೆಯ ಮೇಲೆ ದಪ್ಪ ಜಾಕೆಟ್, ಕಾಲಿಗೆ ಸ್ಪೋರ್ಟ್ಸ್ ಶೂ, ತಳ್ಳುಗಾಡಿಯಲ್ಲಿ ಸೊಪ್ಪು ತುಂಬಿಕೊಂಡು ಬರುತ್ತಿದ್ದವರು ತಟ್ಟನೆ ಗಾಡಿಯನ್ನು ನನ್ನ ಕೈಗೆ ಕೊಟ್ಟು, ಆ ಸಾಲಿನ ಕೊನೆಯಲ್ಲಿದ್ದ ಎರಡು ಬಾಗಿಲಿನ ಕಾರಿನತ್ತ ನಡೆದೇಬಿಟ್ಟರು. ಒಳಗೆ ಯಾರೋ ಬಿಳಿಯ ಹುಡುಗ ಬರ್ಗರ್ ತಿನ್ನುತ್ತಿದ್ದ. ಕಿಟಕಿ ತಟ್ಟಿ ಗಾಜು ಇಳಿಸಲು ಹೇಳಿದರು. ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಕಾರಿನ ಕ್ಲಚ್ ಹೇಗಿದೆ?

ಹುಡುಗ ಬರ್ಗರನ್ನು ಬಾಯಲ್ಲಿಟ್ಟುಕೊಂಡೇ ಇವರನ್ನೂ, ಆಮೇಲೆ ನನ್ನನ್ನೂ ನೋಡಿದ. ನಾನು ಆ ಗಾಡಿ ನನ್ನದಲ್ಲವೆಂಬಂತೆ ಸೊಪ್ಪಿನ ಕಡೆ ಮುಖ ತಿರುಗಿಸಿದೆ.

ವಾಪಸು ಬಂದ ಮೇಲೆ ನಾನು ಬುದ್ಧಿ ಹೇಳಿದೆ. ನನಗೆ ಅದು ಅಭ್ಯಾಸ. “ಮೇಡಂ, ಆ ಕಾರು ಬೇಕಾಗಿದ್ರ ನನ್ನ ಕೇಳ್ರಿ. ಹಿಂಗ ಹಾದ್ಯಾಗ ನಿಲ್ಲಿಸಿ ಕೇಳಿದ್ರ ಯಾರು ಕೊಡ್ತಾರ? ಮೊದ್ಲ ಕಾರು ಚೆಂದ ಇಲ್ಲ ಅನ್ನಬೇಕು, ಆಮ್ಯಾಲೆ ರೇಟು ಕೇಳಬೇಕು.”

“ಕಾರು ಬೇಡ್ರೀ ನಂಗೆ. ಚೆನ್ನಾಗಿದ್ಯಾ ಅಂತ ಕೇಳ್ದೆ, ಅಷ್ಟೆ.”

“ಚೆಂದ ಇದ್ರ ನಿಮಗೇನು, ಇರಲಿಲ್ಲಂದ್ರ ನಿಮಗೇನು?”

ಅವರು ನನ್ನ ಕೈಯಿಂದ ಗಾಡಿ ತೆಗೆದುಕೊಂಡು ಹೋದರು. ಆಮೇಲೆ ಗೊತ್ತಾಯಿತು, ಇದು ಅವರ ನಿತ್ಯದ ಕತೆ. ಮಾಲ್ ಆಗಲಿ, ದೇವಸ್ಥಾನ ಆಗಲಿ, ಹೈವೇ ಪಕ್ಕದ ರೆಸ್ಟ್ ಏರಿಯಾ ಆಗಲಿ, ಆ ಮಾದರಿಯ ಕಾರು ಕಂಡರೆ ಹೋಗಿ ಕೇಳುವುದೇ. ಚೆನ್ನಾಗಿದೆ ಎಂದರೆ ಥ್ಯಾಂಕ್ಸ್ ಹೇಳಿ ಬರುವರು. ಕೆಟ್ಟಿತ್ತು ಎಂದರೆ ಎಲ್ಲಿ ಕೆಟ್ಟಿತು, ಆಗ ಜೊತೆಯಲ್ಲಿ ಯಾರಿದ್ದರು, ಏನೂ ಆಗಲಿಲ್ಲ ತಾನೆ ಎಂದು ವಿಚಾರಿಸುವರು. ಜನ ಅವರಿಗೆ ಸ್ವಲ್ಪ ತಲೆ ಸರಿಯಿಲ್ಲ ಎಂದು ತೀರ್ಮಾನಿಸಿದ್ದರು. ಎಷ್ಟೋ ಸಲ ನಾನೂ ಆ ತೀರ್ಮಾನಕ್ಕೆ ತಲೆಯಾಡಿಸಿದ್ದೇನೆ.

ಅವರ ಕಾರಿನಲ್ಲಿ ಕೂರುವುದೆಂದರೆ ಪರೀಕ್ಷೆಗೆ ಕೂತಂತೆ. ನಮ್ಮವರೆಲ್ಲ ಆಟೋಮ್ಯಾಟಿಕ್ ಕಾರಿಗೆ ಒಗ್ಗಿ, ಎಡಗಾಲಿಗೆ ಕೆಲಸವೇ ಇಲ್ಲದಂತಾದ ಕಾಲದಲ್ಲೂ ಅವರು ಗೇರ್ ಹಾಕುವ ಕಾರನ್ನೇ ಓಡಿಸುತ್ತಿದ್ದರು. ಗೇರ್ ಕೋಲಿನ ಮೇಲೆ ಯಾರಾದರೂ ಸುಮ್ಮನೆ ಕೈಯಿಟ್ಟರೆ ಫಟ್ಟೆಂದು ಹೊಡೆಯುವರು. “ಅದೇನು ನಿಮ್ಮನೆ ಬೆಕ್ಕಾ, ಸವರ್ತಾ ಕೂತ್ಕೊಳಕ್ಕೆ?” ಎನ್ನುವರು. ಇನ್ನೊಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು: “ಪೆಡಲ್ ಸುಳ್ಳು ಹೇಳಲ್ಲ. ಸುಳ್ಳು ಹೇಳೋರು ನಾವು.”

ಆಯುಧಪೂಜೆಯ ದಿನ ಮಾತ್ರ ಅವರು ರಾಣಿ. ನಮ್ಮ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಅಂದು ಕಾರುಗಳು ಸಾಲುಗಟ್ಟುತ್ತವೆ. ಬಾನೆಟ್ಟಿಗೆ ಹೂ, ಸ್ಟಿಯರಿಂಗಿಗೆ ಕುಂಕುಮ, ಮುಂದಿನ ಚಕ್ರಗಳಿಗೆ ನಿಂಬೆಹಣ್ಣು. ಭಟ್ಟರು ಮಂಗಳಾರತಿ ಮುಗಿಸಿದ ಮೇಲೆ ಕಾರು ನಿಂಬೆಹಣ್ಣನ್ನು ತುಳಿದು ಮುಂದೆ ಹೋಗಬೇಕು. ಮೇಡಂ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಣ್ಣು ಸಿಡಿಯುವುದನ್ನೇ ನೋಡುತ್ತಿದ್ದರು. ಕ್ಲಚ್ಚಿನ ಆರೋಗ್ಯ ಅದರಲ್ಲಿ ಕಾಣುತ್ತದಂತೆ. ಒಳ್ಳೆಯ ಕ್ಲಚ್ ಇದ್ದು, ಓಡಿಸುವವರು ನಿಧಾನವಾಗಿ ಬಿಟ್ಟರೆ ಹಣ್ಣು ಮೊದಲು ಚಪ್ಪಟೆಯಾಗಿ, ಆಮೇಲೆ ಸಿಡಿಯುತ್ತದೆ. ಒರಟಾಗಿ ಬಿಟ್ಟರೆ ಹಣ್ಣು ಜಾರಿ ಪಕ್ಕದವರ ಕಾಲಿಗೆ ಬೀಳುತ್ತದೆ. “ನಿಧಾನ, ನಿಧಾನ... ಹಾಂ, ಈಗ ಬಿಡಿ” ಎನ್ನುತ್ತ ಕೈಯಾಡಿಸುವರು. ಆಟೋಮ್ಯಾಟಿಕ್ ಕಾರಿನವರನ್ನು ಕಂಡರೆ, “ನಿಮ್ದು ಬಿಡಿ, ಬ್ರೇಕ್ ಬಿಟ್ರೆ ಅದೇ ಹೋಗತ್ತೆ. ಪುಣ್ಯ ಬರ್ಬೇಕು ಅಂದ್ರೆ ಕ್ಲಚ್ ಇರ್ಬೇಕು” ಎಂದು ನಗುವರು.

ಒಮ್ಮೆ ಅಲ್ಲೇ ನನ್ನನ್ನು ಕೇಳಿದರು. “ನಿಮ್ಮ ಲಾಟಲ್ಲಿ ಆ ಕಾರು ಇದ್ಯೇನ್ರೀ?”

“ಅದಾವ್ರಿ ಮೇಡಂ. ಕ್ಲಚ್ ಹೆಸರು ಕೆಟ್ಟೈತಿ ನೋಡ್ರಿ, ಹರಾಜಿನ್ಯಾಗ ಅಗ್ಗಕ್ಕ ಸಿಗತಾವ.”

“ಕೊಳ್ಳೋರಿಗೆ ಅದನ್ನ ಹೇಳ್ತೀರಾ?”

“ಕೇಳಿದ್ರ ಹೇಳ್ತೀನ್ರಿ.”

“ಕೇಳ್ದೇ ಇದ್ರೆ?”

ನಾನು ನಕ್ಕೆ. ಅವರು ನಗಲಿಲ್ಲ.

ಇಂಥವರ ಮಗಳು ಅದೇ ಮಾದರಿಯ ಕಾರನ್ನು ಕೊಂಡಳು. ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು, ಶಿಕಾಗೋದಲ್ಲಿ ಕೆಲಸ. ತಾಯಿಯ ಜೊತೆ ಮಾತಿಗಿಂತ ಮೌನವೇ ಹೆಚ್ಚು. ತಾಯಿ ಬೇಡವೆನ್ನಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಸಾಲದ್ದಕ್ಕೆ ಅವಳು ಆ ಕಾರಿಗೆ ಹೆಡರ್ಸ್ ಹಾಕಿಸಿದಳು. ಹಾಕಿಸಿದಳು ಅಂದರೆ ತಪ್ಪು, ಗೆಳತಿಯ ಗರಾಜಿನಲ್ಲಿ ತಾನೇ ಕೈಯಾರೆ ಹಾಕಿದಳು. ಹೆಡರ್ಸ್ ಅಂದರೆ, ಎಂಜಿನ್ನಿನ ಹೊಗೆ ಹೊರಗೆ ಹೋಗಲು ಕಾರಿನ ಜೊತೆ ಬಂದಿರುವ ಗಿಡ್ಡ ಕಬ್ಬಿಣದ ತುಂಡನ್ನು ತೆಗೆದು, ಹೊರಗಿನವರು ಮಾಡಿದ ಉದ್ದನೆಯ ಉಕ್ಕಿನ ಕೊಳವೆಗಳನ್ನು ಕೂರಿಸುವುದು. ಸ್ವಲ್ಪ ಶಕ್ತಿ ಹೆಚ್ಚುತ್ತದೆ, ಸದ್ದು ಬಹಳ ಹೆಚ್ಚುತ್ತದೆ. ಅವಳು ಮೊದಲ ಸಲ ಆ ಕಾರಿನಲ್ಲಿ ಲಿವೋನಿಯಾಗೆ ಬಂದಾಗ ಇಡೀ ಬಡಾವಣೆಯ ನಾಯಿಗಳು ಎದ್ದು ನಿಂತವು. ಮೇಡಂ ಸೀರೆಯಲ್ಲೇ ಡ್ರೈವ್‌ವೇ ಮೇಲೆ ಮಲಗಿ ಕಾರಿನ ಅಡಿಯನ್ನು ನೋಡಿ, ಎದ್ದು, ಬೆನ್ನಿನ ಮಣ್ಣು ಕೊಡವಿಕೊಂಡು ಹೇಳಿದರಂತೆ: “ಚೆನ್ನಾಗಿ ಹಾಕಿದೀಯ.” ಮಗಳು ಆ ಮಾತನ್ನು ಎಷ್ಟೋ ಜನರಿಗೆ ಹೇಳಿಕೊಂಡು ತಿರುಗಿದಳು. ಅವರ ಬಾಯಿಂದ ಅಂಥದ್ದು ಸುಲಭಕ್ಕೆ ಬರುತ್ತಿರಲಿಲ್ಲ.

ನಡುವೆ ಒಂದು ಸಲಹೆ, ಉಚಿತ: ಹಳೇ ಕಾರು ಕೊಳ್ಳುವಾಗ ಸದ್ದು ಕೇಳಿ ಮರುಳಾಗಬೇಡಿ. ಬಗ್ಗಿ ಅಡಿಯಲ್ಲಿ ನೋಡಿ. ಹೆಡರ್ಸ್ ಇದ್ದರೆ, ಮುಂದೆ ಯಾವತ್ತಾದರೂ ಗೇರ್‌ಬಾಕ್ಸ್ ಇಳಿಸುವ ದಿನ ಆ ಕೊಳವೆಗಳು ಅದನ್ನು ಎರಡೂ ಕಡೆಯಿಂದ ತಬ್ಬಿಕೊಂಡು ಬಿಡುವುದೇ ಇಲ್ಲ.

ಆ ದಿನ ನಮಗೂ ಬಂತು. ಆ ವರ್ಷದ ಆಯುಧಪೂಜೆಗೆ ಮಗಳು ಶಿಕಾಗೋದಿಂದ ಕಾರು ತಂದಿದ್ದಳು. ಸಾಲಿನಲ್ಲಿ ಅವಳದ್ದೇ ಸದ್ದು, ಭಟ್ಟರ ಮಂತ್ರ ಭಟ್ಟರಿಗೇ ಕೇಳದು. ಆರತಿ ಆಯಿತು. ಮೇಡಂ ಚಕ್ರದ ಪಕ್ಕ ಕೂತು, “ಹಾಂ, ನಿಧಾನ” ಎಂದರು. ಮಗಳು ಕ್ಲಚ್ ಒತ್ತಿದಳು. ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು, ಮೇಲೆ ಬರಲಿಲ್ಲ. ಗೇರ್ ಹಾಕಲು ಹೋದರೆ ಕರ್ರ್ ಎಂದು ಹಲ್ಲು ಕಡಿಯಿತು. ಇನ್ನೊಮ್ಮೆ, ಮತ್ತೂ ಒಮ್ಮೆ. ನಿಂಬೆಹಣ್ಣು ನಿಂಬೆಹಣ್ಣಾಗಿಯೇ ಇತ್ತು.

“ಅಯ್ಯೋ, ಪೂಜೆ ದಿನಾನೇ ಹಿಂಗಾಯ್ತಲ್ಲ, ಶಕುನ ಸರಿಯಿಲ್ಲ” ಎಂದರು ಯಾರೋ ಆಂಟಿ. ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಕೊನೆಗೆ ರೇಷ್ಮೆ ಪಂಚೆಯ ಅಂಕಲ್‌ಗಳೆಲ್ಲ ಸೇರಿ ಕಾರನ್ನು ನ್ಯೂಟ್ರಲ್ಲಿನಲ್ಲಿ ತಳ್ಳಿದೆವು. ತಳ್ಳಿಸಿಕೊಂಡೇ ಅದು ನಿಂಬೆಹಣ್ಣನ್ನು ತುಳಿಯಿತು. ಹುಡುಗಿಯ ಮುಖ ಕುಂಕುಮಕ್ಕಿಂತ ಕೆಂಪಾಗಿತ್ತು. ಕಾರಿಂದ ಇಳಿದವಳೇ ಬಾಗಿಲು ಬಡಿದು, ಎಲ್ಲರಿಗೂ ಕೇಳುವಂತೆ ಕೂಗಿದಳು: “ಯಾವ ಈಡಿಯಟ್ ಡಿಸೈನ್ ಮಾಡಿದ್ನೋ ಇದನ್ನ! ಪ್ಲಾಸ್ಟಿಕ್ ಅಂತೆ! ಆನ್‌ಲೈನಲ್ಲಿ ಎಲ್ಲರೂ ಬೈತಾರೆ!”

ಮೇಡಂ ಇನ್ನೂ ನೆಲದ ಮೇಲೇ ಕೂತಿದ್ದರು. ಒಡೆದ ನಿಂಬೆಹಣ್ಣನ್ನು ಎತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ನನ್ನ ಪರಿಚಯದ ಟೋ ಟ್ರಕ್ಕಿನವನು ಕಾರನ್ನು ಎಳೆದುಕೊಂಡು ಹೋಗಿ ಮೇಡಂ ಮನೆಯ ಗರಾಜಿಗೆ ಮುಟ್ಟಿಸಿದ. ಒಳ್ಳೆಯ ರಿಪೇರಿ ಶಾಪ್ ಒಂದಿದೆ, ರೇಟು ನಾನು ಮಾತಾಡುತ್ತೇನೆ ಎಂದೆ. “ಬೇಡ. ಬೇರೆಯವರ ಕೈಗೆ ಕೊಡಲ್ಲ. ನೀವು ಬರೋದಾದ್ರೆ ಬನ್ನಿ” ಎಂದರು. ಸ್ಪ್ಯಾನರುಗಳೆಲ್ಲ ಪೂಜೆಗೆ ಕೂತಿದ್ದರಿಂದ ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿರಲಿಲ್ಲ. ಅದು ಕಳೆದ ಮೇಲೆ, ಕುಂಕುಮ ಹತ್ತಿದ ಸ್ಪ್ಯಾನರುಗಳನ್ನೇ ಹಿಡಿದು ಇಬ್ಬರೂ ಕಾರಿನ ಅಡಿಗೆ ಹೋದೆವು. ಮಗಳು ಆ ವಾರ ಮನೆಯಿಂದಲೇ ಕೆಲಸ ಮಾಡುತ್ತ ಒಳಗಿದ್ದಳು.

ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬ್ಯಾಟರಿ ಕಳಚಿ, ಗೇರ್ ಕೋಲು ತೆಗೆದು, ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟ್ ಇಳಿಸುವವರೆಗೆ ಎಲ್ಲ ಸಲೀಸು. ಅಲ್ಲಿಂದ ಮುಂದೆ ಹೆಡರ್ಸ್. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಹಿಡಿದಿರುವ ಬೋಲ್ಟುಗಳು ಆ ಕೊಳವೆಗಳ ಹಿಂದೆ ಅಡಗಿ ಕೂತಿದ್ದವು.

“ಮೇಡಂ, ಪೈಪ್ ಬಿಚ್ಚೂದು ಬ್ಯಾಡ್ರಿ. ಹಳೇ ಬೋಲ್ಟ್ ಮುರದ್ರ ಎಂಜಿನ್ ಕೆಲಸ ಬೀಳತೈತಿ. ಹೆಂಗರ ಮಾಡಿ ಸಂದ್ಯಾಗಿಂದ ಎಳಿಯೂಣು.”

“ಅಡ್ಡ ಇರೋದನ್ನ ತೆಗೀದೆ ಒಳಗಿರೋದು ಬರಲ್ಲ ಕಣ್ರೀ. ಎಣ್ಣೆ ಬಿಡಿ, ಕಾಯೋಣ.”

ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟುಗಳ ಬುಡಕ್ಕೆ ಹೊಡೆದು, ಹಾಗೇ ರಟ್ಟಿನ ಮೇಲೆ ಮಲಗಿ ಕಾದೆವು. ಮುಖಕ್ಕೆ ಮುಖ ಕಾಣದಂತೆ, ಇಬ್ಬರೂ ಮೇಲೆ ನೋಡುತ್ತ. ಅವರು ಹೇಳಿದ್ದು ಆಗ.

“ಅವಳು ಈಡಿಯಟ್ ಅಂದ್ಲಲ್ಲ, ಅದು ನಾನೇ.”

ನಾನು ಸ್ಪ್ಯಾನರನ್ನು ಎದೆಯ ಮೇಲಿಟ್ಟುಕೊಂಡೆ.

“ಇದರೊಳಗೆ ಕ್ಲಚ್ ಬಿಡಿಸೋ ಬೇರಿಂಗ್ ಇದೆಯಲ್ಲ, ಅದರ ಮೈ ಮುಂಚೆ ಅಲ್ಯುಮಿನಿಯಂ ಇತ್ತು. ಪ್ಲಾಸ್ಟಿಕ್ ಮಾಡಿ ಅಂದ್ರು ಮೇಲಿನವರು. ಮಾಡ್ದೆ. ಟೆಸ್ಟ್ ಪಾಸಾಯ್ತು.” ಬೋಲ್ಟಿಗೆ ಇನ್ನೊಮ್ಮೆ ಎಣ್ಣೆ ಹೊಡೆದು, “ಟೆಸ್ಟನ್ನೂ ನಾನೇ ಬರೆದಿದ್ದೆ” ಎಂದರು. “ಬಿಸಿ ಜಾಸ್ತಿಯಾದ್ರೆ ಬಿರುಕು ಬಿಡತ್ತೆ, ಎಣ್ಣೆ ಸೋರತ್ತೆ, ಪೆಡಲ್ ನೆಲಕ್ಕೆ ಹೋಗತ್ತೆ. ಯಾರ್ಯಾರು ಹೈವೇ ಮಧ್ಯ ನಿಂತ್ರೋ. ಕೇಳ್ತಾ ಇರ್ತೀನಿ.”

ಗ್ರೋಸರಿಯ ಪಾರ್ಕಿಂಗ್ ಲಾಟು, ಬರ್ಗರ್ ಹುಡುಗ, ಸೊಪ್ಪಿನ ಕಡೆ ತಿರುಗಿದ ನನ್ನ ಮುಖ, ಅವರು ಸೆರಗಿಗೆ ಕಟ್ಟಿಕೊಂಡ ನಿಂಬೆಹಣ್ಣು, ಎಲ್ಲ ಒಟ್ಟಿಗೇ ನೆನಪಾದವು. ಕಾರಿನ ಅಡಿಯಲ್ಲಿ ಮಲಗಿದವನಿಗೆ ಎದ್ದು ಹೋಗಲೂ ಆಗುವುದಿಲ್ಲ.

ಬೋಲ್ಟುಗಳು ಮುರಿಯದೆ ಬಂದವು. ಕೊಳವೆಗಳನ್ನು ಒಂದೊಂದಾಗಿ ಕೆಳಗೆ ಜಗ್ಗಿದೆವು. ಜಗ್ಗಿದ ಕೂಡಲೇ ನನ್ನ ಕಣ್ಣಿಗೆ ಬಿತ್ತು: ಕ್ಲಚ್ಚಿಗೆ ಎಣ್ಣೆ ಒಯ್ಯುವ ರಬ್ಬರ್ ಹೋಸ್, ಹೆಡರ್ಸ್‌ಗೆ ತಾಗಿಕೊಂಡೇ ಹೋಗಿತ್ತು. ಕಾವಿಗೆ ಕರಗಿ, ಸುಟ್ಟ ಹಪ್ಪಳದಂತೆ ಸುರುಟಿ ತೂತಾಗಿತ್ತು. ಎಣ್ಣೆಯೆಲ್ಲ ಅಲ್ಲಿಂದಲೇ ಸೋರಿದೆ.

“ಮೇಡಂ, ಸಿಕ್ತ್ರೀ! ನಿಮ್ಮ ಬೇರಿಂಗ್ ಅಲ್ರೀ ಇದು, ಹೋಸು! ಹೆಡರ್ಸ್ ಕೂರಿಸುವಾಗ ಹೋಸ್ ಸರಿಸಿ ಕಟ್ಟೂದು ಬಿಟ್ಟಾಳ ನಿಮ್ಮ ಮಗಳು. ಗೇರ್‌ಬಾಕ್ಸ್ ಇಳಸೂ ಕೆಲಸನ ಇಲ್ಲ. ಹೊಸಾದು ಹಾಕಿದ್ರ ಮುಗೀತು!”

ಅವರು ಆ ಹೋಸನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಕೈಗೆ ವಾಪಸು ಕೊಟ್ಟರು.

“ಇಳಿಸಿ.”

“ಯಾಕ್ರೀ?”

“ನೋಡ್ಬೇಕು.”

ಇಳಿಸಿದೆವು. ಜಾಕ್ ಕೊಟ್ಟು, ಎಂಜಿನ್ನಿಗೆ ಆಸರೆ ಇಟ್ಟು, ಗೇರ್‌ಬಾಕ್ಸನ್ನು ನೇರವಾಗಿ ಹಿಂದಕ್ಕೆ ಸರಿಸುತ್ತ, ಎಲ್ಲೂ ನೇತುಬೀಳದಂತೆ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ. ಅವರು ಒಳಗೆ ಕೈಯಿಟ್ಟು ಬೇರಿಂಗಿನ ಸುತ್ತ ಬೆರಳಾಡಿಸಿದರು. ಬೆರಳಿಗೆ ಬಂದದ್ದು ಒಣ ಕಪ್ಪು ಪುಡಿ. ಒಂದು ಹನಿ ಎಣ್ಣೆಯಿಲ್ಲ, ಬಿರುಕಿಲ್ಲ. ಅವರ ಬೇರಿಂಗ್ ನೆಟ್ಟಗಿತ್ತು.

ಅವರು ಸಂತೋಷಪಡುತ್ತಾರೆಂದು ನಾನು ಕಾದೆ. ಅವರು ಬೆರಳನ್ನೇ ನೋಡುತ್ತ ಕೂತರು. “ನೋಡಿ, ಮೊದ್ಲು ಸಮಾಧಾನ ಆಯ್ತು ನಂಗೆ” ಎಂದರು. “ಅವಳು ಹೋದ ವಾರ ಹೈವೇಲಿ ಬಂದಿದಾಳೆ. ಏನಾಗಿದ್ರೂ ಆಗ್ಬೋದಿತ್ತು. ಅದು ಆಮೇಲೆ ನೆನಪಾಯ್ತು. ಮೊದ್ಲು ಏನು ಅಂದ್ಕೊಂಡೆ ಗೊತ್ತಾ? ಸದ್ಯ, ನನ್ದಲ್ಲ ಅಂತ.”

ಅಷ್ಟರಲ್ಲಿ ಮಗಳು ಕಾಫಿ ಹಿಡಿದು ಗರಾಜಿಗೆ ಬಂದಳು. “ಸೋ? ಏನಾಗಿತ್ತು?”

ನಾನು ಬಾಯಿ ತೆರೆದೆ. ಹೋಸ್ ನನ್ನ ಕೈಯಲ್ಲಿತ್ತು. ಮೇಡಂ ನನ್ನನ್ನು ಒಮ್ಮೆ ನೋಡಿದರು, ಅಷ್ಟೆ. ನಾನು ಕೈಯನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ.

“ಬೇರಿಂಗ್ ಕಣೆ” ಎಂದರು. “ಪ್ಲಾಸ್ಟಿಕ್ದು. ಅದನ್ನ ಮಾಡಿದ್ದು ನಾನು. ನಿಂಗೆ ಹೇಳ್ಬೇಕಿತ್ತು, ನೀನು ಕಾರು ತಗೊಂಡಾಗ್ಲೇ. ನಾಚಿಕೆ ಆಯ್ತು, ಹೇಳ್ಲಿಲ್ಲ.”

ಹುಡುಗಿ ಕಾಫಿ ಲೋಟಗಳನ್ನು ನೆಲದ ಮೇಲಿಟ್ಟಳು. “ಯೂ?”

“ಹೂಂ.”

“ಅಮ್ಮಾ... ಇಡೀ ಟೆಂಪಲ್ ಮುಂದೆ ನಿನ್ನ ಈಡಿಯಟ್ ಅಂದೆ ನಾನು!”

“ಸರಿಯಾಗೇ ಅಂದೆ.”

ಹುಡುಗಿ ಗ್ರೀಸಿನ ನೆಲದ ಮೇಲೆ ತಾಯಿಯ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಇಬ್ಬರೂ ನಗುತ್ತಿದ್ದರು. ಆಮೇಲೆ ನಗು ಬೇರೆ ಏನೋ ಆಯಿತು. ನಾನು ನೋಡಬಾರದ್ದನ್ನು ನೋಡುತ್ತಿದ್ದೇನೆ ಅನ್ನಿಸಿ, ಡ್ರೈವ್‌ವೇಗೆ ಹೋಗಿ ಬಿದ್ದಿದ್ದ ಎಲೆಗಳನ್ನು ಕಾಲಲ್ಲಿ ಒಟ್ಟುಮಾಡುತ್ತ ನಿಂತೆ.

ಅವಳು ಒಳಗೆ ಹೋದ ಮೇಲೆ ಕೇಳಿದೆ. “ಮೇಡಂ, ಕೈಯಾಗ ಗೆದ್ದ ಕೇಸ್ ಹಿಡಕೊಂಡು ಯಾರರ ಸೋಲ್ತಾರೇನ್ರಿ?”

“ತನ್ನ ಕೈಯಾರೆ ಒಂದು ಕೆಲ್ಸ ಮಾಡಿದಾಳೆ, ಅದು ಅವಳಿಗೆ ಇರ್ಲಿ. ನನ್ದು ಈ ಕಾರಲ್ಲಿ ಕೆಟ್ಟಿಲ್ಲದೇ ಇರ್ಬೋದು, ಬೇರೆಯವ್ರದ್ರಲ್ಲಿ ಕೆಟ್ಟಿದ್ಯಲ್ಲ. ಇವತ್ತು ಹೇಳ್ದೇ ಇದ್ರೆ ಇನ್ಯಾವತ್ತೂ ಹೇಳ್ತಿರ್ಲಿಲ್ಲ.” ಆಮೇಲೆ, ಮಾಮೂಲಿ ದನಿಯಲ್ಲಿ, “ಹೊಸ ಹೋಸ್‌ಗೆ ಶಾಖ ತಡೆಯೋ ಕವಚ ಹಾಕ್ಬೇಕು, ಸಿಗತ್ತಾ?” ಎಂದರು. ಬೆಳ್ಳಿ ಬಣ್ಣದ ಕವಚ ತಂದು ಹಾಕಿದೆವು. ಬೇರಿಂಗನ್ನೂ ಹೊಸದು ಹಾಕಿದರು, ಕೆಟ್ಟಿರದಿದ್ದರೂ.

ಮುಂದೆ ಅವರು ಮನೆ ಮಾರಿ ಮಗಳ ಜೊತೆ ಶಿಕಾಗೋಗೆ ಹೋದರು. ಅಲ್ಲಿಯೂ ಪಾರ್ಕಿಂಗ್ ಲಾಟುಗಳಲ್ಲಿ ಕೇಳುವುದನ್ನು ಬಿಡಲಿಲ್ಲ. ಆದರೆ ಈಗ ಪ್ರಶ್ನೆಯ ಹಿಂದೆಯೇ, ಅದನ್ನು ಮಾಡಿದವಳು ನಾನು, ಕ್ಷಮಿಸಿ ಎನ್ನುತ್ತಿದ್ದರಂತೆ. ಒಬ್ಬ ಬಾಯಿಗೆ ಬಂದಂತೆ ಬೈದನಂತೆ. “ಪೂರ್ತಿ ಕೇಳ್ಸ್ಕೊಂಡೆ, ಚೆನ್ನಾಗಿ ಬೈದ” ಎಂದು ಫೋನಿನಲ್ಲಿ ಹೇಳಿ ನಕ್ಕರು.

ಈ ವರ್ಷದ ಆಯುಧಪೂಜೆಗೆ ಮಗಳು ಒಬ್ಬಳೇ ಬಂದಳು, ಅದೇ ಕಾರಿನಲ್ಲಿ. ಸದ್ದಿನಿಂದಲೇ ಗುರುತು ಸಿಕ್ಕಿತು. ಸಾಲಿನಲ್ಲಿ ನಿಲ್ಲಿಸಿ, ನಿಂಬೆಹಣ್ಣುಗಳನ್ನು ನನ್ನ ಕೈಗೆ ಕೊಟ್ಟು, “ಅಂಕಲ್, ಆ ಹಳೇ ಹೋಸ್ ಏನ್ ಮಾಡಿದ್ರಿ?” ಎಂದಳು.

“ಯಾವ ಹೋಸ್?”

“ಪ್ಲೀಸ್, ಅಂಕಲ್. ಬೇರಿಂಗ್ ಹೋಗಿದ್ರೆ ಹೋಸ್‌ಗೆ ಯಾಕೆ ಸಿಲ್ವರ್ ಜಾಕೆಟ್? ಆ ವಿಂಟರ್‌ನಲ್ಲೇ ಕಾರ್ ಕೆಳಗೆ ಹೋಗಿ ನೋಡಿದೆ. ಐ ಕುಕ್ಡ್ ಇಟ್. ನಾನೇ ಸುಟ್ಟಿದ್ದು.”

“ಅಮ್ಮಗ ಹೇಳಿದ್ಯಾ?”

“ಇಲ್ಲ. ಅವತ್ತು ಹೇಳಿದ್ಮೇಲೆ ಅಮ್ಮ ಎಷ್ಟು ಹಗುರ ಆಗಿದ್ಲು ಗೊತ್ತಾ? ಅದನ್ನ ವಾಪಸ್ ತಗೊಳಕ್ಕಾಗತ್ತಾ?”

ಭಟ್ಟರು ಆರತಿ ಮುಗಿಸಿದರು. ಅವಳು ಕಾರಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ತಾಯಿಯದ್ದೇ ಕಣ್ಣು.

“ಅಂಕಲ್, ನಿಮ್ಮ ಲಾಟಲ್ಲಿ ಇನ್ನೂ ಈ ಕಾರು ಇದ್ಯಾ?”

ಇದೆ. ನನ್ನ ಲಾಟಿನ ಎದುರು ಸಾಲಿನಲ್ಲೇ, ತೊಳೆದು, ಗಾಜಿನ ಮೇಲೆ ಬೆಲೆ ಅಂಟಿಸಿ ನಿಲ್ಲಿಸಿದ್ದೇನೆ. ಕೇಳಿದವರಿಗೆ ಈಗಲೂ ಹೇಳುತ್ತೇನೆ. ಕೇಳದವರಿಗೆ ಹೇಳುವುದು ನನಗೆ ಇನ್ನೂ ಬಂದಿಲ್ಲ.

ನಾನು ಬಗ್ಗಿ ನಿಂಬೆಹಣ್ಣನ್ನು ಚಕ್ರದ ಬುಡಕ್ಕೆ ಇಟ್ಟೆ. ಅದು ಸರಿಯಾಗಿಯೇ ಕೂತಿತ್ತು. ಆದರೂ ಇನ್ನಷ್ಟು ಸರಿಮಾಡುತ್ತ, ತಲೆ ಎತ್ತದೆ, “ನಿಧಾನವಾ, ನಿಧಾನ” ಎನ್ನುತ್ತ ಅಲ್ಲೇ ಕೂತೆ.